ಅಂಟಣ್ಣ ಹಾಕಿದ ಜಾಯಿಂಟು

ಮನುಷ್ಯನಿಗೆ ಒಂದು ಕಸುಬು ಚೆನ್ನಾಗಿ ಬಂದರೆ ಯಾರಿಗೂ ತೊಂದರೆಯಿಲ್ಲ. ಆ ಒಂದೇ ಕಸುಬು ಜಗತ್ತಿನ ಮಿಕ್ಕೆಲ್ಲ ಕಸುಬುಗಳಿಗೂ ಸಾಕು ಎಂದು ಅವನಿಗೆ ಅನ್ನಿಸತೊಡಗಿದ ದಿನ ಮಾತ್ರ ಮನೆಯವರು ಹುಷಾರಾಗಿರಬೇಕು. ಅಂಟಣ್ಣನಿಗೆ ಹಾಗೆ ಅನ್ನಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ.

ಅವನು ಪುಸ್ತಕ ಬೈಂಡ್ ಮಾಡುವವನು. ಮೂವತ್ತೊಂದು ವರ್ಷ ಗೋಂದಿನಲ್ಲಿ ಕೈ ಅದ್ದಿದ್ದರಿಂದ ಅವನ ಸ್ವಂತ ಹೆಸರೂ ಗೋಂದಿನಲ್ಲೇ ಮುಳುಗಿಹೋಗಿ, ಬೀದಿಗೆಲ್ಲ ಅವನು ಅಂಟಣ್ಣನಾಗಿದ್ದ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಆ ಹದಿನಾಲ್ಕು ಮೆಟ್ಟಿಲನ್ನು ಅವನ ಹೆಂಡತಿ ಎರಡು ತಿಂಗಳಿಂದ ಕೊಡ ಹೊತ್ತು ಹತ್ತುತ್ತಿದ್ದಳು. ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ಸತ್ತಿತ್ತು. ನೀರಿನ ಇಲಾಖೆಯವರು ಬೀದಿಯಿಂದ ಹೊಸದಾಗಿ ಕರಿ ಪೈಪು ಎಳೆದು, ಅಂಗಡಿಯ ಒಳಗೋಡೆ ಹತ್ತಿಸಿ, ಸೂರಿನ ಹತ್ತಿರ ತಂದು ಬಿಟ್ಟುಹೋಗಿದ್ದರು. ಮಹಡಿಯ ಅಡುಗೆಮನೆಯಿಂದ ಪ್ಲಂಬರು ಬಿಳಿ ಪೈಪು ಇಳಿಸಿ, ಅದನ್ನೂ ಸೂರಿನ ಹತ್ತಿರವೇ ನಿಲ್ಲಿಸಿದ್ದ. ಎರಡರ ನಡುವೆ ಒಂದು ಗೇಣು ಜಾಗ. ಜೋಡಿಸುವ ಸಾಮಾನು ಬರಬೇಕು, ಗುರುವಾರ ಬಂದು ಹಾಕುತ್ತೇನೆ ಎಂದು ಹೇಳಿ ಹೋಗಿದ್ದ.

“ಗುರುವಾರ ಯಾಕೆ?” ಎಂದ ಅಂಟಣ್ಣ, ಸೂರಿನ ಕಡೆ ನೋಡುತ್ತ. “ಎರಡೂ ಪ್ಲಾಸ್ಟಿಕ್ಕೇ ತಾನೆ? ಅಂಟು ಹಚ್ಚಿ ಸೇರಿಸೋದಕ್ಕೆ ಪ್ಲಂಬರೇ ಬೇಕಾ?”

“ಅದು ಪೈಪು ಕಣ್ರೀ, ಪುಸ್ತಕ ಅಲ್ಲ,” ಎಂದಳು ಹೆಂಡತಿ, ಕೊಡ ಇಳಿಸಿ ಸೊಂಟ ಹಿಡಿದುಕೊಂಡು. “ಎರಡು ತಿಂಗಳು ಹೊತ್ತಿದ್ದೀನಿ. ಇನ್ನೆರಡು ದಿನ ಹೊತ್ತರೆ ಸಾಯಲ್ಲ.”

ಆ ಸೊಂಟ ಹಿಡಿದುಕೊಂಡದ್ದೇ ಅವನಿಗೆ ನಾಟಿತು. ಹೆಂಡತಿಯ ಕಷ್ಟ ನೋಡಲಾರದೆ ಗಂಡಸರು ಮಾಡುವ ಕೆಲಸಗಳಿಂದಲೇ ಹೆಂಡಂದಿರಿಗೆ ಅರ್ಧ ಕಷ್ಟ ಬರುವುದು ಎಂಬ ವಿಚಾರ ಅವನಿಗೆ ಹೊಳೆಯಲಿಲ್ಲ. ಅವನು ಅಂಗಡಿಬೀದಿಗೆ ಹೋಗಿ ಪೈಪಿನ ಅಂಟಿನ ಡಬ್ಬಿಯೊಂದನ್ನು ತಂದ. ಬಿಳಿ ಪೈಪಿನ ತುಂಡೊಂದನ್ನು ನಡುವೆ ಕೊಟ್ಟ. ಕರಿ ಪೈಪು ತುಸು ಸಣ್ಣದಿದ್ದು ಬಿಳಿಯದರೊಳಗೆ ಲೊಡಲೊಡ ಅಲ್ಲಾಡುತ್ತಿತ್ತು. ಅದಕ್ಕೇನಂತೆ, ಬೈಂಡಿಂಗ್ ಬಟ್ಟೆಯ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಸುತ್ತಿದ, ತುರುಕಿದ, ತಿರುಚಿದ. ಹೊರಗಡೆಯಿಂದ ಮತ್ತೆ ಮೂರು ಸುತ್ತು ಕೆಂಪು ಬಟ್ಟೆ ಸುತ್ತಿ, ಹಾಳೆಯ ಮಡಿಕೆ ತೀಡುವ ಮೂಳೆಯ ಪಟ್ಟಿಯಿಂದ ನಯವಾಗಿ ಉಜ್ಜಿದ. ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕೈ ಸುಮ್ಮನಿರಲಿಲ್ಲ. ಬಂಗಾರದ ಹಾಳೆ ತೆಗೆದು, ಕೆಂಪು ಬಟ್ಟೆಯ ಮೇಲೆ ತಾರೀಖನ್ನು ಅಚ್ಚೊತ್ತಿಬಿಟ್ಟ.

ಜಾಯಿಂಟು ಮಹಾಕಾವ್ಯದ ಬೆನ್ನಿನ ಹಾಗೆ ಹೊಳೆಯಿತು. ಅದರ ನೇರ ಕೆಳಗೆ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದ ಕಬ್ಬಿಣದ ಪ್ರೆಸ್ಸಿನ ಒತ್ತಿನಲ್ಲಿ, ಜನನ ನೋಂದಣಿ ಕಚೇರಿಯ ಹಳೆಯ ರಿಜಿಸ್ಟರು ಕೂತಿತ್ತು.

ಈ ರಿಜಿಸ್ಟರಿನ ವಿಷಯ ಹೇಳಲೇಬೇಕು. ಆರುನೂರು ಪುಟ. ಮನೆಗೊಂದು ಪುಟದಂತೆ, ಆ ಮನೆಯಲ್ಲಿ ಹುಟ್ಟಿದವರೆಲ್ಲ ಸಾಲಾಗಿ ನೀಲಿ ಶಾಯಿಯಲ್ಲಿ ನಿಂತಿದ್ದರು. ಎರಡನೇ ಪ್ರತಿ ಇಲ್ಲ. ಶಾಯಿಯೋ, ಒಂದು ಹನಿ ನೀರು ಬಿದ್ದರೆ ಹರಡಿಕೊಳ್ಳುವಂಥದು. ಗೆದ್ದಲು ಹಿಡಿದಿದ್ದ ಆ ಪುಸ್ತಕವನ್ನು ಅಂಟಣ್ಣ ಆರು ವಾರ ಕೂತು ಒಂದೊಂದೇ ಹಾಳೆ ಸರಿಮಾಡಿ, ಹೊಲಿದು, ಅವತ್ತು ಬೆಳಿಗ್ಗೆ ರಟ್ಟು ಹಾಕಿ ಪ್ರೆಸ್ಸಿಗೆ ಕೊಟ್ಟಿದ್ದ. ಸಂಜೆ ಐದರವರೆಗೆ ಬಿಚ್ಚುವಂತಿಲ್ಲ. ಬಿಚ್ಚಿದರೆ ಹಸಿ ಬೆನ್ನು ಸೊಟ್ಟಗಾಗುತ್ತದೆ, ಆಮೇಲೆ ಜನ್ಮದಲ್ಲಿ ನೆಟ್ಟಗಾಗುವುದಿಲ್ಲ. ಐದಕ್ಕೆ ಕಚೇರಿಯ ರೆಕಾರ್ಡ್ ಮೇಡಂ ಬಂದು ಒಯ್ಯುವವರಿದ್ದರು. ಕಚೇರಿ ಅವನಿಗೆ ಕೊಟ್ಟಿದ್ದ ಅತಿ ದೊಡ್ಡ ಕೆಲಸ ಅದು. ಕೊಡುವಾಗ ಮೇಡಂ ಹೇಳಿದ್ದು ಒಂದೇ ಮಾತು: “ಇದು ಹಾಳಾದ್ರೆ ಈ ಬೀದಿಯವರು ಯಾರೂ ಹುಟ್ಟೇ ಇಲ್ಲ ಅಂದ್ಕೊಳ್ಳಿ.”

ಹನ್ನೊಂದು ಗಂಟೆಗೆ ಭಾವ ಬಂದರು. ಹೆಂಡತಿಯ ಅಣ್ಣ, ಪಕ್ಕದ ಮನೆಯವರು, ಹೈಸ್ಕೂಲಿನ ಹೆಡ್‌ಮಾಸ್ಟರು. ಇಪ್ಪತ್ತಾರು ವರ್ಷದ ನೆಂಟಸ್ತಿಕೆಯಲ್ಲಿ ಅವರು ಅಂಟಣ್ಣನ ಬಗ್ಗೆ ಒಂದು ಒಳ್ಳೆ ಮಾತು ಆಡಿದವರಲ್ಲ. ತಲೆ ಎತ್ತಿ ಜಾಯಿಂಟು ನೋಡಿದರು. ತಲೆ ತಗ್ಗಿಸಿ ಪ್ರೆಸ್ಸು ನೋಡಿದರು. ಮತ್ತೆ ಜಾಯಿಂಟು ನೋಡಿದರು.

“ಅಂಟಣ್ಣನವರೇ,” ಎಂದರು.

ಅಂಟಣ್ಣ ಹಿಂದೆ ತಿರುಗಿ ನೋಡಿದ. ಆ ‘ನವರೇ’ ತನಗೇ ಹೇಳಿದ್ದು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಇದು ಜಾಯಿಂಟಲ್ಲ, ಕಲೆ. ಇದನ್ನ ನಾಲ್ಕು ಜನ ನೋಡಬೇಕು. ಇವತ್ತೇ ನೀರು ಬಿಡಿಸೋಣ.”

“ಅದಕ್ಕೆ ವಾಟರ್ ಇನ್‌ಸ್ಪೆಕ್ಟರ್ ಬರಬೇಕು ಭಾವ. ವಾಲ್ವಿನ ಕೀಲಿ ಅವರ ಹತ್ರ. ಅರ್ಜಿ ಕೊಟ್ಟರೆ ಮೂರು ವಾರ ಆಗುತ್ತೆ.”

“ಇನ್‌ಸ್ಪೆಕ್ಟರ್ ಮಗ ನನ್ನ ಶಾಲೇಲಿ ಓದ್ತಿದ್ದಾನೆ. ಮೂರೂವರೆಗೆ ಬರ್ತಾರೆ,” ಎಂದು ಹೇಳಿ ಭಾವ ಹೊರಟೇಬಿಟ್ಟರು. ಹೋಗುವ ದಾರಿಯಲ್ಲಿ ಸಿಕ್ಕವರಿಗೆಲ್ಲ ನಾಲ್ಕು ಗಂಟೆಗೆ ಅಂಟಣ್ಣನ ಮನೆಯಲ್ಲಿ ನೀರು ಹತ್ತುವುದನ್ನು ನೋಡಲು ಬರುವಂತೆ ಹೇಳಿದರು. ಬೀದಿಗೆ ದಿನಾ ನೀರು ಬರುತ್ತಿದ್ದದ್ದು ನಾಲ್ಕಕ್ಕೇ, ಒಂದು ಗಂಟೆ ಮಾತ್ರ. ಅಂಟಣ್ಣ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡ. ಹೊಗಳಿಕೆ ಅವನಿಗೆ ರೂಢಿಯಿರಲಿಲ್ಲ, ಅದು ಸೀದಾ ತಲೆಗೇ ಏರಿತು. ಅಂಗಡಿಯ ಮುಂದೆ ಹಾದವರನ್ನೆಲ್ಲ ಕರೆದು ತಾನೇ ಜಾಯಿಂಟು ತೋರಿಸತೊಡಗಿದ.

ಎರಡು ಗಂಟೆಗೆ ಪ್ಲಂಬರು ಬಂದ. ಗುರುವಾರದ ಕೆಲಸಕ್ಕೆ ಅಳತೆ ತೆಗೆಯಲು ಬಂದಿದ್ದವನು ಸೂರು ನೋಡಿ ಬಾಗಿಲಲ್ಲೇ ನಿಂತ. ಅವನು ಕಡಿಮೆ ಮಾತಿನವನು.

“ಯಾವ ಅಂಟು?” ಎಂದ.

ಅಂಟಣ್ಣ ಡಬ್ಬಿ ತೋರಿಸಿದ. ಪ್ಲಂಬರು ಚೀಲದಿಂದ ಕರಿ ಪೈಪಿನ ಒಂದು ತುಂಡು ತೆಗೆದು, ಅದಕ್ಕೆ ಅದೇ ಅಂಟು ಬಳಿದು, ಬಾಯಿಂದ ಊದಿ ಒಣಗಿಸಿ, ಉಗುರಿನಿಂದ ಕೆರೆದ. ಅಂಟು ಪೂರ್ತಿ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಅದನ್ನು ಅಂಟಣ್ಣನ ಅಂಗೈಯಲ್ಲಿಟ್ಟ.

“ಬಿಳಿಗೆ ಬಿಳಿ, ಈ ಅಂಟು ಹಿಡಿಯುತ್ತೆ. ಬಿಸಿನೀರಿನ ಪೈಪು ಅಂತ ಕೆನೆ ಬಣ್ಣದ್ದು ಬರುತ್ತಲ್ಲ, ಅದಕ್ಕೂ ಬಿಳಿಗೂ ಬೇರೆ ಅಂಟಿದೆ, ಅದೂ ಹಿಡಿಯುತ್ತೆ. ಕರೀದಕ್ಕೆ ಈ ಪ್ರಪಂಚದಲ್ಲಿ ಯಾವ ಅಂಟೂ ಹಿಡಿಯಲ್ಲ. ಅದರ ಜಾತಿಯೇ ಬೇರೆ. ಅದಕ್ಕೆ ರಬ್ಬರ್ ಉಂಗುರ ಇಟ್ಟು ನಟ್ಟು ಬಿಗಿಯೋ ಕಪ್ಲಿಂಗ್ ಬೇಕು. ಆ ಸಾಮಾನೇ ಗುರುವಾರ ಬರೋದು.”

“ಆದ್ರೆ ನೋಡು, ಎಷ್ಟು ಗಟ್ಟಿಯಾಗಿ ನಿಂತಿದೆ!”

“ನೀರಿಲ್ಲ, ಅದಕ್ಕೇ ನಿಂತಿದೆ. ನೀರು ಬಂದಾಗ ಹಾರುತ್ತೆ.” ಪ್ಲಂಬರು ಚೀಲ ಹೆಗಲಿಗೇರಿಸಿದ. ಹೋಗುತ್ತ ಪ್ರೆಸ್ಸಿನತ್ತ ನೋಡಿ, “ಅದನ್ನ ಅಲ್ಲಿಂದ ತೆಗೀರಿ,” ಎಂದ.

ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಕೆಳಗಿಳಿದು ಬಂದಳು. ಬೈಯುತ್ತಾಳೆ ಅಂದುಕೊಂಡಿದ್ದ ಅಂಟಣ್ಣ. ಅವಳು ದನಿ ತಗ್ಗಿಸಿ ಕೇಳಿದಳು:

“ರೀ, ನಮ್ಮಣ್ಣ ನಿಮ್ಮನ್ನ ಯಾವತ್ತಾದ್ರೂ ಹೊಗಳಿದ್ದಿದೆಯಾ?”

“ಇಲ್ಲ.”

“ಇವತ್ತು ಯಾಕೆ ಹೊಗಳಿದ?”

ಹೆಂಡತಿಯೇ ಬಿಡಿಸಿ ಹೇಳಿದಳು. ಭಾವನಿಗೆ ಮುಂದಿನ ತಿಂಗಳು ರಿಟೈರ್‌ಮೆಂಟು. ಕುರ್ಚಿ ಬಿಡಲು ಮನಸ್ಸಿಲ್ಲ. ಶಾಲೆಗೆ ಸೇರಿಸುವಾಗ ಅಪ್ಪ ಎರಡು ವರ್ಷ ಹೆಚ್ಚು ಬರೆಸಿದ್ದರು, ತನ್ನ ನಿಜವಾದ ವಯಸ್ಸು ಎರಡು ವರ್ಷ ಕಡಿಮೆ ಎಂದು ಅರ್ಜಿ ಹಾಕಿದ್ದರು. ಅದು ಅವರೇ ಕೂತು ಕಟ್ಟಿದ ಕಥೆ. ಜನನ ರಿಜಿಸ್ಟರನ್ನು ಗೆದ್ದಲು ತಿಂದುಹಾಕಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಧೈರ್ಯವಾಗಿ ಹಾಕಿದ್ದ ಅರ್ಜಿ. ಗೆದ್ದಲು ಕೈಕೊಟ್ಟಿತ್ತು. ರಿಜಿಸ್ಟರು ಸಿಕ್ಕಿತು, ಅಂಟಣ್ಣನ ಕೈಯಲ್ಲಿ ರಿಪೇರಿಯಾಯಿತು, ಬರುವ ಸೋಮವಾರ ಅದನ್ನು ತೆರೆದು ನೋಡಿ ತೀರ್ಮಾನ ಮಾಡುವವರಿದ್ದರು.

“ಅಂದ್ರೆ ಭಾವನಿಗೆ ಜಾಯಿಂಟು ನಿಲ್ಲಲ್ಲ ಅಂತ ಗೊತ್ತು?”

“ನಿಮ್ಮ ಕೈಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆ,” ಎಂದಳು ಹೆಂಡತಿ. “ಈಗಲೇ ಕಿತ್ತುಹಾಕಿ. ಯಾರಾದ್ರೂ ಕೇಳಿದ್ರೆ ತಪ್ಪಾಯ್ತು ಅನ್ನಿ.”

ಹೇಳುವಷ್ಟು ಸುಲಭವಾಗಿರಲಿಲ್ಲ. ಅಂಟಣ್ಣ ಸ್ಟೂಲು ಹತ್ತಿ ಜಾಯಿಂಟಿಗೆ ಕೈ ಹಾಕಿದ. ಅಷ್ಟರಲ್ಲಿ ಎದುರುಮನೆಯ ಟೈಲರು ಒಳಗೆ ಬಂದ. “ಕೊನೇ ಪಾಲಿಶ್ ಕೊಡ್ತಿದ್ದೀರಾ? ಕೊಡಿ, ಕೊಡಿ,” ಎಂದು ಗೋಡೆಗೊರಗಿ ನಿಂತ. ಅಂಟಣ್ಣ ಸ್ವಲ್ಪ ಉಜ್ಜಿ ಕೆಳಗಿಳಿದ. ಟೈಲರು ನೀರು ಕುಡಿಯಲು ಹೋದಾಗ ಮತ್ತೆ ಹತ್ತಿದ. ಟೈಲರನ ಹೆಂಡತಿ ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಅತ್ತೆಗೆ ಕಣ್ಣು ಮಂಜು, ಬಂಗಾರದ ಅಕ್ಷರವನ್ನು ಮುಟ್ಟಿ ನೋಡಬೇಕೆಂದರು. ಅಂಟಣ್ಣನೇ ಕೈ ಹಿಡಿದು ಸ್ಟೂಲು ಹತ್ತಿಸಬೇಕಾಯಿತು. ಮೂರನೇ ಸಲ ಹತ್ತಲು ಹೋದಾಗ ಸ್ಟೂಲೇ ಇರಲಿಲ್ಲ. ಅದರ ಮೇಲೆ ಭಾವ ಕೂತಿದ್ದರು.

“ಕೂತ್ಕೊಳ್ಳೋದಕ್ಕೆ ಕುರ್ಚಿ ಇದೆ ಭಾವ.”

“ಇಲ್ಲೇ ಆರಾಮಾಗಿದೆ,” ಎಂದರು ಭಾವ.

ಮೂರು ಗಂಟೆ ಹೊಡೆಯಿತು. ಅಂಟಣ್ಣ ದೊಡ್ಡ ಪ್ಲಾಸ್ಟಿಕ್ ಹಾಳೆಯೊಂದನ್ನು ತಂದು, ಏನೋ ಮಾಮೂಲಿ ಕೆಲಸವೆಂಬಂತೆ ಸಿಳ್ಳೆ ಹಾಕುತ್ತ ಪ್ರೆಸ್ಸಿನ ಮೇಲೆ ಹೊದಿಸಿದ.

“ಅದೇನು?”

“ಧೂಳು ಬೀಳುತ್ತೆ ಅಂತ.”

“ಗಾಳಿ ಆಡದೆ ಅಂಟು ಒಣಗುತ್ತಾ ಅಂಟಣ್ಣನವರೇ? ಇಷ್ಟು ವರ್ಷದ ಅನುಭವ ನಿಮಗೆ, ನಾನು ಹೇಳಬೇಕಾ?” ಭಾವ ಹಾಳೆಯನ್ನು ತಾವೇ ಎಳೆದು, ಅಚ್ಚುಕಟ್ಟಾಗಿ ಮಡಚಿ, ಅದರ ಮೇಲೆ ಕೂತರು. ಅಂಗಡಿ ತುಂಬುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಸ್ಥಿತಿ ಅಂಟಣ್ಣನದು, ನುಂಗಲಾರ, ಉಗುಳಲಾರ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

ಹೆಂಡತಿ ಪಕ್ಕಕ್ಕೆ ಬಂದು ಮೊಣಕೈಯಿಂದ ತಿವಿದಳು. “ನೀವು ಹೇಳ್ತೀರೋ, ನಾನು ಹೇಳಲೋ?”

“ಇನ್‌ಸ್ಪೆಕ್ಟರಿಗೆ ಹೇಳ್ತೀನಿ. ಅವರು ನೋಡಿದ ತಕ್ಷಣ ತಾವೇ ಫೇಲ್ ಮಾಡ್ತಾರೆ. ನಾನು ಹೇಳೋ ಅಗತ್ಯಾನೇ ಬೀಳಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ಯೋಜನೆ ಕೆಟ್ಟದ್ದೇನಲ್ಲ. ಇನ್‌ಸ್ಪೆಕ್ಟರಿಗೆ ಕೆಲಸ ಗೊತ್ತಿರಬೇಕಿತ್ತು, ಅಷ್ಟೇ.

ಇನ್‌ಸ್ಪೆಕ್ಟರು ಮೂರೂವರೆಗೆ ಸರಿಯಾಗಿ ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಬೀದಿಯ ವಾಲ್ವು ತಿರುಗಿಸುವ ಮೊಳದುದ್ದದ ಕಬ್ಬಿಣದ ಕೀಲಿ. ಜಾಯಿಂಟಿನ ಕೆಳಗೆ ನಿಂತು ಕತ್ತೆತ್ತಿದರು. ಅಂಟಣ್ಣ ಮನಸ್ಸಿನಲ್ಲೇ ಬೇಡಿಕೊಂಡ: ಫೇಲ್ ಮಾಡಪ್ಪಾ, ಬೈದು ಫೇಲ್ ಮಾಡು.

ಇನ್‌ಸ್ಪೆಕ್ಟರು ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಕಂಡಿಲ್ಲ ಎಂದು ನಲವತ್ತು ಜನರ ಎದುರು ಒಪ್ಪಿಕೊಳ್ಳಲು ಅವರೇನು ದಡ್ಡರಲ್ಲ. “ಓಹೋ!” ಎಂದರು. ಒಂದು ಹೆಜ್ಜೆ ಹಿಂದೆ ಸರಿದು, “ಇದು ಈಗ ಬಂದಿದೆ,” ಎಂದರು.

“ಹೊಸದಾ ಸಾರ್?” ಎಂದ ಟೈಲರು.

“ಹೊರಗಡೆ ಎಲ್ಲಾ ಇದೇ. ನಮ್ಮಲ್ಲಿ ಈಗ ಬರ್ತಾ ಇದೆ.” ಅವರು ಫೈಲು ತೆರೆದು ‘ಜೋಡಣೆಯ ವಿಧಾನ’ ಎಂಬಲ್ಲಿ ಪೆನ್ನು ನಿಲ್ಲಿಸಿ ಯೋಚಿಸಿ, ‘ವಸ್ತ್ರವೇಷ್ಟಿತ ಸುಧಾರಿತ ಜೋಡಣೆ, ಕೆಂಪು’ ಎಂದು ಬರೆದರು. ಕೆಳಗೆ ಸಹಿ ಹಾಕಿದರು. ಸಹಿಯ ಕೆಳಗೆ ಸೀಲು ಒತ್ತಿದರು.

ಗಡಿಯಾರ ನಾಲ್ಕಕ್ಕೆ ಹನ್ನೆರಡು ನಿಮಿಷ ತೋರಿಸುತ್ತಿತ್ತು. ಆರು ವಾರ ಅಂಟಣ್ಣ ಬೆರಳ ತುದಿಯಲ್ಲಿ ನಿಲ್ಲಿಸಿಕೊಂಡು ಸರಿಮಾಡಿದ ಹಾಳೆಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಮಾನ ಹೋದರೆ ಹೋಗಲಿ ಎಂದು ಬಾಯಿ ಬಿಟ್ಟ.

“ಸಾರ್, ಒಂದು ಮಾತು. ಈ ಜಾಯಿಂಟು ನಿಲ್ಲಲ್ಲ.”

“ಯಾರು ಹೇಳಿದ್ದು?”

“ನಾನೇ.”

“ಹಾಕಿದ್ದು ಯಾರು?”

“ಅದೂ ನಾನೇ ಸಾರ್. ಕರಿ ಪೈಪಿಗೆ ಅಂಟು ಹಿಡಿಯಲ್ಲ. ನನಗೆ ಗೊತ್ತಿರಲಿಲ್ಲ. ನಾನು ತಪ್ಪು ಮಾಡಿದ್ದೀನಿ.”

ಇನ್‌ಸ್ಪೆಕ್ಟರು ಅವನ ಭುಜ ತಟ್ಟಿದರು. “ನೋಡಿದ್ರೇನ್ರಪ್ಪಾ? ದೊಡ್ಡ ಕೆಲಸಗಾರರ ಲಕ್ಷಣ ಇದು. ಮಾಡಿದ್ದನ್ನ ತಾವೇ ಹೊಗಳಿಕೊಳ್ಳಲ್ಲ.”

“ವಿನಯ ಅಲ್ಲ ಸಾರ್, ನಿಜ!”

“ಹೌದು ಸಾರ್, ಅವರು ಹೇಳ್ತಿರೋದು ನಿಜ,” ಎಂದಳು ಹೆಂಡತಿ. “ಪ್ಲಂಬರೇ ಬಂದು ಹೇಳಿ ಹೋದ.”

“ಅಮ್ಮಾ, ಗಂಡನ ಕೆಲಸ ಮನೆಯವರಿಗೆ ಯಾವತ್ತು ಕಂಡಿದೆ?” ಎಂದರು ಇನ್‌ಸ್ಪೆಕ್ಟರು. ಎಲ್ಲರೂ ನಕ್ಕರು. “ಪ್ಲಂಬರು ಬಿಡಿ, ಅವನಿಗೆ ಹೊಟ್ಟೆಕಿಚ್ಚು. ಇಲ್ಲಿ ಸಹಿ ಬಿದ್ದಿದೆ. ಈ ಜಾಯಿಂಟು ಸೋರುತ್ತೆ ಅಂದ್ರೆ ನನ್ನ ಸಹಿ ಸೋರುತ್ತೆ ಅಂದಂಗೆ. ಸೋರುತ್ತಾ?”

ಸೋರುವುದಿಲ್ಲ ಎಂದು ಜನ ಒಕ್ಕೊರಲಿನಿಂದ ಹೇಳಿದರು. ಬೆಳಿಗ್ಗೆಯಿಂದ ಹುಬ್ಬು ಹಾರಿಸುತ್ತ ಸಿಕ್ಕಸಿಕ್ಕವರಿಗೆ ಜಾಯಿಂಟಿನ ಗುಣಗಾನ ಮಾಡಿದ್ದವನೇ ಅಂಟಣ್ಣ. ಈಗ ಸತ್ಯ ಹೇಳಿದರೆ ನಂಬುವವರು ಯಾರು? ನಲವತ್ತು ಮುಖವೂ ನಗುತ್ತಿದ್ದವು. ಭಾವ ಮಾತ್ರ ನಗಲಿಲ್ಲ. ಅವರು ಅಂಟಣ್ಣನ ಮುಖವನ್ನೇ ನೋಡುತ್ತಿದ್ದರು, ಕಣ್ಣು ಹೊಳೆಯುತ್ತಿತ್ತು. ಸ್ಟೂಲಿನಿಂದ ಎದ್ದು, “ಟೈಮಾಯ್ತು ಸಾರ್, ತಿರುಗಿಸಿ,” ಎಂದರು.

ಇನ್‌ಸ್ಪೆಕ್ಟರು ಕೀಲಿ ಹಿಡಿದು ಬೀದಿಗೆ ನಡೆದರು. “ನೀವು ಇಲ್ಲೇ ಇರಿ,” ಎಂದು ಗಂಡನಿಗೆ ಹೇಳಿ ಹೆಂಡತಿ ಸೀರೆ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಓಡಿದಳು. ಅಂಟಣ್ಣ ಪ್ರೆಸ್ಸಿನ ಚಕ್ರಕ್ಕೆ ಕೈ ಹಾಕಿದ. ಬೆನ್ನು ಸೊಟ್ಟಗಾದರೂ ಸರಿ, ಹೊರಗೆ ತೆಗೆದುಬಿಡೋಣ. ಒಂದು ಸುತ್ತು ಕೂಡ ತಿರುಗಿರಲಿಲ್ಲ, ತಲೆಯ ಮೇಲೆ ಸದ್ದಾಯಿತು.

ಮೊದಲು ಬಂದದ್ದು ಗಾಳಿ. ಕರಿ ಪೈಪು ಕೆಮ್ಮಿತು, ಗೊರಗೊರ ಎಂದಿತು. ಕೆಂಪು ಬಟ್ಟೆ ನಿಧಾನವಾಗಿ ಊದತೊಡಗಿತು. ಬಂಗಾರದ ತಾರೀಖು ಅಗಲವಾಗುತ್ತ ಹೋಯಿತು. “ಎಷ್ಟು ಚೆನ್ನಾಗಿ ಹಿಗ್ಗುತ್ತೆ ನೋಡಿ!” ಎಂದ ಟೈಲರು. ಅಂಟಣ್ಣ ಚಕ್ರ ಬಿಟ್ಟು, ಒಂದೇ ನೆಗೆತಕ್ಕೆ ಸ್ಟೂಲು ಹತ್ತಿದ. ಅವನ ಕೈ ಮುಟ್ಟುವುದಕ್ಕೂ ಜಾಯಿಂಟು ಹಾರುವುದಕ್ಕೂ ಸರಿಹೋಯಿತು. ಢಬ್ ಎಂದು ಬಿಳಿ ಪೈಪು ಒಂದು ಕಡೆ, ಬಟ್ಟೆ ಒಂದು ಕಡೆ. ಅಂಟಣ್ಣ ಎರಡು ಅಂಗೈಯನ್ನೂ ಕರಿ ಪೈಪಿನ ಬಾಯಿಗೆ ಒತ್ತಿಹಿಡಿದ.

ನೀರು ಕೆಳಗೆ ಬೀಳಲಿಲ್ಲ. ಬೆರಳ ಸಂದಿಯಿಂದ ಎಂಟು ದಿಕ್ಕಿಗೂ ಚಿಮ್ಮಿತು. ಟೈಲರನ ಹೆಂಡತಿಯ ಅತ್ತೆಗೆ ಕಣ್ಣು ಸ್ವಚ್ಛವಾಯಿತು. ನಲವತ್ತು ಜನ ಒಂದೇ ಬಾಗಿಲಿಗೆ ನುಗ್ಗಿದರು. ಅಂಟಣ್ಣ ಅತ್ತಿತ್ತ ಕೈ ಓರೆ ಮಾಡಿ ನೀರನ್ನು ಗೋಡೆಗೆ ತಿರುಗಿಸುತ್ತಿದ್ದ. ಕೈ ಸೋತರೆ ನೀರೆಲ್ಲ ನೇರ ಪ್ರೆಸ್ಸಿನ ಮೇಲೆ. ಭುಜ ಆಗಲೇ ಸೋಲುತ್ತಿತ್ತು. ಕೆಳಗೆ ಪ್ರೆಸ್ಸಿನ ಹತ್ತಿರ ಉಳಿದಿದ್ದವರು ಭಾವ ಒಬ್ಬರೇ.

“ಭಾವ! ಪ್ರೆಸ್ಸು ಬಿಚ್ಚಿ! ಹಸಿ ಇದ್ರೂ ಪರವಾಗಿಲ್ಲ, ಬಿಚ್ಚಿ ಹೊರಗೆ ತಗೊಂಡು ಹೋಗಿ!”

ಭಾವ ಅಲ್ಲಾಡಲಿಲ್ಲ.

“ಭಾವ, ನಿಮ್ಮ ಕಾಲಿಗೆ ಬೀಳ್ತೀನಿ! ಇಳಿಯೋಕೆ ಆಗ್ತಿಲ್ಲ, ಆದ್ರೆ ಬಿದ್ದೆ ಅಂತ ತಿಳ್ಕೊಳ್ಳಿ!”

ಅಷ್ಟು ದೊಡ್ಡ ದನಿಯಲ್ಲಿ ಅವನು ಜನ್ಮದಲ್ಲಿ ಕೂಗಿರಲಿಲ್ಲ. ಭಾವ ಚಕ್ರ ತಿರುಗಿಸಿದರು. ರಿಜಿಸ್ಟರನ್ನು ಈಚೆ ತೆಗೆದು, ತಮ್ಮ ಬೆನ್ನನ್ನು ನೀರಿಗೆ ಕೊಟ್ಟು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡರು. ಅಂಟಣ್ಣನಿಗೆ ಜೀವ ಬಂದಂತಾಯಿತು. ಬಾಗಿಲು ನಾಲ್ಕು ಹೆಜ್ಜೆ.

ಭಾವ ಎರಡು ಹೆಜ್ಜೆ ಇಟ್ಟರು. ನಿಂತರು. ಅವರು ತೀರ ಕೆಟ್ಟವರಲ್ಲ, ಇಡೀ ಬೀದಿಯ ಹುಟ್ಟನ್ನು ಮುಳುಗಿಸಲು ಕೈ ಬರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ಸಾಲು. ಗೋಡೆಯ ಮೂಲೆಯಲ್ಲಿ ಬಗ್ಗಿ ನಿಂತು, ಅವಸರದಲ್ಲಿ ಹಾಳೆ ಮಗುಚಿ, ತಮ್ಮ ಮನೆಯ ಪುಟ ಹುಡುಕಿದರು. ಅಪ್ಪನ ಹೆಸರು, ಅಮ್ಮನ ಹೆಸರು, ಕೆಳಗೆ ಮಕ್ಕಳು. ಮಿಕ್ಕ ಸಾಲುಗಳನ್ನು ಅಂಗೈಯಿಂದ ಮುಚ್ಚಿ, ತಮ್ಮ ಸಾಲೊಂದನ್ನು ಬಿಟ್ಟು, ಪುಟವನ್ನು ಚಿಮ್ಮುವ ನೀರಿನ ಕಡೆ ಮೆಲ್ಲಗೆ ಚಾಚಿದರು. ಚಾಚುವಾಗ ಅಭ್ಯಾಸಬಲದಿಂದ ಓದಿಯೂಬಿಟ್ಟರು.

ಸ್ಟೂಲಿನ ಮೇಲಿಂದ ಅಂಟಣ್ಣನಿಗೆ ಭಾವನ ಮುಖ ಕಾಣುತ್ತಿತ್ತು. ಅದು ಬಿಳಿಚಿಕೊಂಡದ್ದನ್ನೂ, ಬಾಯಿ ತೆರೆದದ್ದನ್ನೂ, ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದದ್ದನ್ನೂ ಅವನು ಕಂಡ. ಅಷ್ಟರಲ್ಲಿ ನೀರು ಬಿದ್ದು ಆಗಿಹೋಗಿತ್ತು.

“ಅಯ್ಯೋ! ನಿಲ್ಲಿಸ್ರೋ! ನೀರು ನಿಲ್ಲಿಸ್ರೋ!” ಎಂದು ಭಾವ ಅರಚಿದರು. “ನಾನು ಚಿಕ್ಕವನೇ ಕಣ್ರೋ! ನಿಜವಾಗ್ಲೂ ಎರಡು ವರ್ಷ ಚಿಕ್ಕವನು! ಬರೆದಿದೆ ಇಲ್ಲಿ!”

ಅಂಗಿಯ ಚುಂಗಿನಿಂದ ಒತ್ತಿದರು. ಒತ್ತಿದಷ್ಟೂ ಶಾಯಿ ಹರಡಿತು. ಅವರು ಕಟ್ಟಿದ್ದ ಕಥೆಯನ್ನು ಅವರಪ್ಪ ಶಾಲೆಗೆ ಸೇರಿಸಿದ ದಿನವೇ ನಿಜ ಮಾಡಿಟ್ಟು ಹೋಗಿದ್ದರು.

ಬೀದಿಯಲ್ಲಿ ಬೇರೊಂದು ಗಲಾಟೆ ನಡೆದಿತ್ತು. ಮುಚ್ಚಿ ಎಂದರೆ ಇನ್‌ಸ್ಪೆಕ್ಟರು, “ತೆರೆಯೋದಕ್ಕೆ ಫಾರಂ ಇದೆಯಮ್ಮ, ತೆರೆದ ದಿನವೇ ಮುಚ್ಚೋದಕ್ಕೆ ಫಾರಂ ಇಲ್ಲ,” ಎನ್ನುತ್ತಿದ್ದರು. ಹೆಂಡತಿ ಅವರ ಕೈಯಿಂದ ಕೀಲಿ ಕಿತ್ತುಕೊಂಡು, ಎರಡು ತಿಂಗಳು ಕೊಡ ಹೊತ್ತ ತೋಳಿನಿಂದ ನಾಲ್ಕು ಸುತ್ತು ತಿರುಗಿಸಿದಳು. ನೀರು ನಿಂತಿತು. ಅಂಟಣ್ಣ ಕೈ ಇಳಿಸಲು ನೋಡಿದ, ಇಳಿಯಲಿಲ್ಲ. ಹೆಂಡತಿ ಬಂದು ಒಂದೊಂದೇ ಬೆರಳು ಬಿಡಿಸಿ ಕೆಳಗಿಳಿಸಬೇಕಾಯಿತು.

ಐದಕ್ಕೆ ರೆಕಾರ್ಡ್ ಮೇಡಂ ಬಂದಾಗ ಅಂಗಡಿಯ ಹೊಸ್ತಿಲಿನಿಂದ ನೀರು ಹರಿಯುತ್ತಿತ್ತು. ಜನ ಮತ್ತೆ ಸೇರಿದ್ದರು. ಮೇಡಂ ಮಹಡಿಯ ಒಣ ಮೇಜಿನ ಮೇಲೆ ರಿಜಿಸ್ಟರು ಇಡಿಸಿ, ಆರುನೂರು ಪುಟವನ್ನೂ ಒಂದೊಂದಾಗಿ ತಿರುವಿದರು. ಬೆನ್ನು ಸೊಟ್ಟಗಾಗಿತ್ತು. ಒಳಗೆ ಎಲ್ಲರೂ ಹುಟ್ಟಿದ್ದರು. ಒಂದು ಪುಟದಲ್ಲಿ, ಒಂದು ಸಾಲಿನಲ್ಲಿ, ವರ್ಷ ಇರಬೇಕಾದ ಜಾಗದಲ್ಲಿ ಮಾತ್ರ ನೀಲಿ ಮೋಡವೊಂದು ಕೂತಿತ್ತು. ಅದರ ಕೆಳಗಿನ ಸಾಲಿನಲ್ಲಿ ಅಂಟಣ್ಣನ ಹೆಂಡತಿ ಒಣಗಿ ಸ್ಪಷ್ಟವಾಗಿ ಹುಟ್ಟಿದ್ದಳು.

“ಇದು ಹೇಗಾಯ್ತು?”

ಭಾವ ತಲೆ ತಗ್ಗಿಸಿದರು. ಪುಟ ಚಾಚಿದ ಕೈಯನ್ನು ಕಂಡವನು ಅಂಟಣ್ಣ ಒಬ್ಬನೇ, ಅದು ಭಾವನಿಗೂ ಗೊತ್ತಿತ್ತು. ಒಂದು ಮಾತು ಸಾಕು, ತಪ್ಪು ಪೂರ್ತಿ ಆ ಕಡೆ ಹೋಗುತ್ತಿತ್ತು.

“ಜಾಯಿಂಟು ನನ್ನದು ಮೇಡಂ,” ಎಂದ ಅಂಟಣ್ಣ. “ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿದೆ. ಬಿಚ್ಚಬಾರದ ಹೊತ್ತಲ್ಲಿ ಪ್ರೆಸ್ಸು ಬಿಚ್ಚಿಸಿದ್ದೂ ನಾನೇ. ಏನು ಬರೀಬೇಕೋ ನನ್ನ ಹೆಸರಲ್ಲಿ ಬರೀರಿ.”

ಮೇಡಂ ಅವನ ಕೆಂಪಾಗಿ ಊದಿದ ಅಂಗೈ ನೋಡಿದರು. ‘ಒಂದು ಸಾಲು ನೀರಿನಿಂದ ಅಳಿಸಿದೆ, ಉಳಿದವು ಸರಿ’ ಎಂದು ಬರೆದುಕೊಂಡರು. “ಬೆನ್ನು ಬಿಚ್ಚಿ ಮತ್ತೆ ಹಾಕಿಕೊಡಿ. ಈ ಸಲ ನಮ್ಮ ಕಚೇರಿಗೇ ಬಂದು ಹಾಕಿ. ಅಲ್ಲಿ ಪೈಪಿಲ್ಲ,” ಎಂದರು. ಅಂಟಣ್ಣನಿಗೆ ಅಳು ಬಂದುಬಿಟ್ಟಿತು. ಮುಖ ಹೇಗೂ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

“ಮೇಡಂ, ಆ ಅಳಿಸಿದ ಸಾಲು ನಾನು ಓದಿದ್ದೀನಿ,” ಎಂದರು ಭಾವ. ದನಿಯಲ್ಲಿ ಹೆಡ್‌ಮಾಸ್ಟರಿಕೆ ಇರಲಿಲ್ಲ. “ನನ್ನ ಅರ್ಜೀಲಿ ಇರೋ ವರ್ಷವೇ ಇತ್ತು. ಆಣೆ ಮಾಡಿ ಹೇಳ್ತೀನಿ.”

“ಅರ್ಜಿ ಹಾಕಿದವರು ನೀವೇ, ಓದಿದವರೂ ನೀವೇ, ಅಳಿಸಿರೋದೂ ಅದೊಂದೇ ಸಾಲು,” ಎಂದರು ಮೇಡಂ. ಟೈಲರು ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. “ರಿಜಿಸ್ಟರಲ್ಲಿ ಕಾಣದಿದ್ದರೆ ಶಾಲೆಯ ಸರ್ಟಿಫಿಕೇಟೇ ಲೆಕ್ಕ. ಮುಂದಿನ ತಿಂಗಳೇ ನಿಮ್ಮ ರಿಟೈರ್‌ಮೆಂಟು.”

ಜನ ಕರಗಿದರು. ಭಾವ ಹದಿನಾಲ್ಕು ಮೆಟ್ಟಿಲಿನ ಕೊನೆಯ ಮೆಟ್ಟಿಲ ಮೇಲೆ, ಒದ್ದೆ ಬಟ್ಟೆಯಲ್ಲೇ ಕೂತರು. ಅಂಟಣ್ಣ ಟವೆಲು ತಂದುಕೊಟ್ಟ. ಅವರು ತೆಗೆದುಕೊಳ್ಳಲಿಲ್ಲ.

“ಇಷ್ಟು ದಿನ ಸುಳ್ಳು ಹೇಳಿದೆ, ಎಲ್ಲರೂ ತಲೆ ಆಡಿಸಿದ್ರು,” ಎಂದರು. “ಇವತ್ತು ನಿಜ ಹೇಳಿದ್ರೆ ಒಬ್ಬರೂ ನಂಬ್ತಿಲ್ಲ.”

“ನಾನು ನಂಬ್ತೀನಿ ಭಾವ.”

ಭಾವ ಮುಖ ಎತ್ತಿದರು. “ನೀವು ಓದಿದ್ರಾ? ಮೇಲಿಂದ ಕಾಣಿಸ್ತಾ?”

“ಎಲ್ಲಿ ಕಾಣುತ್ತೆ, ಕಣ್ಣ ತುಂಬ ನೀರು.”

“ಮತ್ತೆ ಯಾಕೆ ನಂಬ್ತೀರಿ?”

ಅಂಟಣ್ಣ ಅವರ ಪಕ್ಕದಲ್ಲಿ ಕೂತ. ಊದಿದ ಕೈಯಿಂದ ತಾನೇ ಟವೆಲು ಬಿಡಿಸಿ ಅವರ ತಲೆ ಒರೆಸತೊಡಗಿದ.

“ಈ ಜಾಯಿಂಟು ನಿಲ್ಲಲ್ಲ ಅಂತ ನಾನು ಎಲ್ಲರೆದುರು ಬಡ್ಕೊಂಡೆ. ಅಷ್ಟು ಜನರಲ್ಲಿ ನನ್ನ ಮಾತು ನಂಬಿದವರು ನೀವೊಬ್ಬರೇ ಭಾವ.”